ರೆಕಾರ್ಡ್ ಒತ್ತಬೇಕೋ, ಕೋಡ್ ಬರೆಯಬೇಕೋ: ವಿಜಯಪುರದ ದೋಸ್ತನಿಗೆ

ದೋಸ್ತ,

ಮೊನ್ನೆ ಫೋನಿನಲ್ಲಿ ಅರ್ಧ ಉತ್ತರ ಕೊಟ್ಟಿದ್ದೆ. ಟಿಳಕವಾಡಿ ರೈಲ್ವೆ ಗೇಟಿನ ಗದ್ದಲದಲ್ಲಿ ಇನ್ನರ್ಧ ಹೇಳಲು ಆಗಲಿಲ್ಲ.

ವೆಬ್‌ಸೈಟ್ ಸರಿಯಾಗಿ ಓಡುತ್ತದೆಯೇ ಅಂತ ತಾನಾಗಿ ಪರೀಕ್ಷಿಸುವ ಸೆಲೆನಿಯಂನ ರೆಕಾರ್ಡರ್, ಅಂದರೆ ಸೆಲೆನಿಯಂ ಐಡಿಇಯಲ್ಲಿ ರೆಕಾರ್ಡ್ ಒತ್ತಿ ಕ್ಲಿಕ್ ಮಾಡುತ್ತಾ ಹೋದರೆ ಟೆಸ್ಟ್ ತಯಾರು, ಮತ್ತೆ ಪೈಥಾನ್ ಕೋಡ್ ಯಾಕೆ ಅನ್ನೋದು ನಿನ್ನ ತಕರಾರು, ಅಲ್ವಾ?

ಹೊಸ ಸೈಟ್ ಕೈಗೆ ಬಂದರೆ ನಾನೂ ಮೊದಲು ಐಡಿಇಯನ್ನೇ ತೆರೆಯುತ್ತೇನೆ. ಸ್ಪೀಡ್ ಇಳಿಸಿ, ಬೇಕಾದಲ್ಲಿ ಬ್ರೇಕ್‌ಪಾಯಿಂಟ್ (ಟೆಸ್ಟ್ ತಡೆದು ನಿಲ್ಲುವ ಗುರುತು) ಇಟ್ಟರೆ ಪೇಜು ಎಲ್ಲಿ ತಡವರಿಸುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಆದರೆ ಕೈ ಏನು ಮಾಡಿತೋ ಅಷ್ಟನ್ನೇ ಅದು ಬರೆದುಕೊಳ್ಳುತ್ತದೆ.

ಕುಂದಾ ಮಾರುವ ಒಂದು ಸೈಟ್ ಅಂದುಕೋ. ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಬೇಕು. ಬೆಳಗಾವಿಯಲ್ಲಿ ಒಂದನ್ನು ಬಿಟ್ಟರೂ ಯಾರಿಗಾದರೂ ಸಿಟ್ಟು ಬರುತ್ತದೆ! ಕನ್ನಡ ಪೇಜಿನಲ್ಲಿ 'ಖರೀದಿಸಿ' ಲಿಂಕನ್ನು ಅದರ ಅಕ್ಷರದಿಂದ ಗುರುತು ಹಾಕಿಕೊಂಡ ಟೆಸ್ಟಿಗೆ ಮರಾಠಿ ಪೇಜಿನಲ್ಲಿ ಆ ಲಿಂಕೇ ಸಿಗುವುದಿಲ್ಲ. ಐಡಿಇ ಎಕ್ಸ್‌ಪಾಥ್‌ನಂಥ (ಪೇಜಿನ ರಚನೆಯಲ್ಲಿ ಅದು ಇರುವ ಜಾಗದ ದಾರಿ) ಬೇರೆ ಗುರುತುಗಳನ್ನೂ ಉಳಿಸಿಕೊಂಡು ಹುಡುಕುತ್ತದೆ, ನಿಜ. ಡಿಸೈನರ್ ಒಂದು ಡಬ್ಬಿ ಆಚೀಚೆ ಸರಿಸಿದರೆ ಅದೂ ಕೈಕೊಡಬಹುದು. ಆ ಲಿಂಕಿಗೆ ಭಾಷೆ ಬದಲಾದರೂ ಬದಲಾಗದ ಒಂದು ಐಡಿ ಕೊಡಿಸು. ಕೋಡಿನಿಂದ ಬ್ರೌಸರ್ ಓಡಿಸುವ ಸೆಲೆನಿಯಂ ವೆಬ್‌ಡ್ರೈವರ್‌ನಲ್ಲಿ ಒಂದೇ ಫಂಕ್ಷನ್ ಬರೆದು ಮೂರೂ ಭಾಷೆಗೆ ಲೂಪಿನಲ್ಲಿ ಓಡಿಸು. ಐಡಿಇಯಲ್ಲೂ ಲೂಪ್ ಇದೆ, ಆದರೆ ಪಟ್ಟಿ ಉದ್ದವಾದ ಮೇಲೆ ಅದನ್ನು ಓದುವುದೇ ಒಂದು ಶಿಕ್ಷೆ.

ಕಾಯುವ ವಿಷಯವೂ ಇದೆ. ಸುಮ್ನೆ 10 ಸೆಕೆಂಡ್ ಸ್ಲೀಪ್ ಹಾಕಿದರೆ ಪ್ರತಿ ಸಲ ಪೂರ್ತಿ 10 ಸೆಕೆಂಡ್ ಹೋಗುತ್ತದೆ. ವೆಬ್‌ಡ್ರೈವರ್‌ನ ಕಾಯುವ ಸಾಧನ ವೆಬ್‌ಡ್ರೈವರ್‌ವೇಟ್‌ಗೆ 10 ಅಂತ ಕೊಟ್ಟರೆ, ಅಷ್ಟರೊಳಗೆ ಬಟನ್ ಒತ್ತಲು ಸಿದ್ಧವಾದ ಕೂಡಲೇ ಮುಂದಕ್ಕೆ ಹೋಗುತ್ತದೆ.

ಇನ್ನೊಂದು. 2017ರಲ್ಲಿ ಫೈರ್‌ಫಾಕ್ಸ್ 55 ಬಂದಾಗ ಹಳೆಯ ಐಡಿಇ ಓಡುವುದೇ ನಿಂತಿತ್ತು. ಆಮೇಲೆ ಹೊಸದಾಗಿ ಬರೆದರು. ವೆಬ್‌ಡ್ರೈವರ್ 2018ರಲ್ಲೇ, ವೆಬ್ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ಮಾನದಂಡವಾಯಿತು. ವರ್ಷಗಟ್ಟಲೆ ಓಡಬೇಕಾದ ಟೆಸ್ಟನ್ನು ನಾನಂತೂ ಅದರ ಮೇಲೇ ಕಟ್ಟುತ್ತೇನೆ.

ನಿನಗೆ ಹಿಡಿಸುವ ದಾರಿ ಎರಡರ ನಡುವೆ ಇದೆ. ಪೈಥಾನ್ ಪ್ರಾಂಪ್ಟ್ ತೆರೆದು ಅಲ್ಲಿಂದಲೇ ಕ್ರೋಮ್ ಶುರು ಮಾಡು. ಸೆಲೆನಿಯಂ 4.6ರಿಂದ ಡ್ರೈವರ್ (ಕೋಡ್ ಮತ್ತು ಬ್ರೌಸರ್ ನಡುವಿನ ಪ್ರೋಗ್ರಾಂ) ಹುಡುಕಿ ಇಳಿಸುವ ತಾಪತ್ರಯ ಇಲ್ಲ, ಅದೇ ತಂದುಕೊಳ್ಳುತ್ತದೆ. ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತು, ಬ್ರೌಸರ್ ಅಷ್ಟೇ ಕೆಲಸ ಮಾಡಿ ನಿಲ್ಲುತ್ತದೆ. ತಪ್ಪಿದರೆ ಆ ಸಾಲನ್ನಷ್ಟೇ ತಿದ್ದು. ಲಾಗಿನ್‌ನಿಂದ ಮತ್ತೆ ಶುರು ಮಾಡುವ ಪಜೀತಿ ಇಲ್ಲ. ಸರಿ ಬಂದ ಸಾಲುಗಳನ್ನು ಫೈಲಿಗೆ ಹಾಕುತ್ತಾ ಹೋಗು.

ರೆಕಾರ್ಡ್ ಮಾಡಿದ್ದನ್ನು ಎಸೆಯಬೇಡ. ಐಡಿಇಯಿಂದಲೇ ಪೈಥಾನ್‌ಗೆ ಎಕ್ಸ್‌ಪೋರ್ಟ್ ಮಾಡಿ ನನಗೆ ಕಳಿಸು. ಭಾನುವಾರ ಕೂತು ನೋಡುತ್ತೇನೆ.

ನಿನ್ನ ಬೆಳಗಾವಿ ದೋಸ್ತ