24 ಪವರಿನ ಸ್ಕೋಪನ್ನು ಹಿಂಪಡೆದು ಹಣ ಮರಳಿಸುವಂತೆ ಕೋರಿ ದೂರು

ಇಂದ,
ತಮ್ಮ ಗ್ರಾಹಕ, ಕಾಫಿ ಬೆಳೆಗಾರ,
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ.

ಗೆ,
ಗ್ರಾಹಕರ ಕುಂದುಕೊರತೆ ಅಧಿಕಾರಿಗಳು,
ಸ್ಕೋಪ್ ಮಾರಾಟ ವಿಭಾಗ, ಬೆಂಗಳೂರು.

ದಿನಾಂಕ: 10 ಮಾರ್ಚ್ 2025

ವಿಷಯ: ತಪ್ಪು ಸಲಹೆ ಹಾಗೂ ತಪ್ಪು ವಿವರಣೆಯ ಮೇಲೆ ಮಾರಾಟವಾದ 6-24×50 ರೈಫಲ್ ಸ್ಕೋಪಿನ ಬಗ್ಗೆ.

ಮಾನ್ಯರೇ,

ಕಳೆದ ಡಿಸೆಂಬರ್ 18ರಂದು, ತಮ್ಮ ಮಾರಾಟ ಪ್ರತಿನಿಧಿಯೊಂದಿಗೆ ಎರಡು ಬಾರಿ ದೂರವಾಣಿಯಲ್ಲಿ ಮಾತನಾಡಿದ ನಂತರ, ತಮ್ಮ ಜಾಲತಾಣದ ಮೂಲಕ, ಗುರಿಯನ್ನು 6ರಿಂದ 24 ಪಟ್ಟು (ಇದನ್ನೇ ಪವರ್ ಎನ್ನುವುದು) ಹಿಗ್ಗಿಸಿ ತೋರಿಸುವ, ಮುಂಗಾಜು 50 ಮಿಲಿಮೀಟರ್ ಅಗಲವಿರುವ 6-24×50 ಸ್ಕೋಪೊಂದನ್ನು 28,500 ರೂಪಾಯಿ ಕೊಟ್ಟು ತರಿಸಿಕೊಂಡೆ. ಅದು ನನ್ನ ಕೆಲಸಕ್ಕೆ ಒಗ್ಗದೆಂದು ಕಾರಣಸಹಿತವಾಗಿ ಫೆಬ್ರವರಿ 3ರಂದು ಮಿಂಚಂಚೆಯಲ್ಲಿ ಬರೆದ ದೂರಿಗೆ ಹದಿನೇಳು ದಿನಗಳ ಮೇಲೆ ತಮ್ಮ ಉತ್ತರ ಬಂದಿತು. ತಯಾರಿಕಾ ದೋಷ ಕಂಡುಬಂದಿಲ್ಲ, ನಾನು ಕಳುಹಿಸಿದ ಚಿತ್ರಗಳಲ್ಲಿ ಕೊಳವೆಯ ಮೇಲೆ ಬಳಕೆಯ ಗುರುತುಗಳಿವೆ, ಹಿಂತಿರುಗಿಸುವ ಹತ್ತು ದಿನಗಳ ಅವಧಿಯೂ ಮುಗಿದಿದೆ ಎಂಬುದು ಅದರ ಸಾರಾಂಶ. ಗಾಜು ಸೀಳಿದೆಯೆಂದಾಗಲಿ, ಗುರಿ ಹೊಂದಿಸುವ ತಿರುಪು ಕೆಟ್ಟಿದೆಯೆಂದಾಗಲಿ ನಾನು ಎಲ್ಲಿಯೂ ದೂರಿರಲಿಲ್ಲ. ಎಷ್ಟು ದೂರಕ್ಕೆ, ಯಾವ ಬೆಳಕಿನಲ್ಲಿ, ಯಾವ ಕೋವಿಯ ಮೇಲೆ ಬಳಸುತ್ತೇನೆಂದು ಹೇಳಿದ ಮೇಲೂ ನನಗೆ ಸಲ್ಲದ ಪವರನ್ನು ತಾವು ಒಪ್ಪಿಸಿ ಮಾರಿದಿರಿ ಎಂಬುದು ನನ್ನ ದೂರಾಗಿತ್ತು. ತಮ್ಮ ಉತ್ತರದಲ್ಲಿ ಆ ವಿಷಯಕ್ಕೆ ಒಂದು ಸಾಲೂ ಇಲ್ಲವಾದ್ದರಿಂದ ಈ ಪತ್ರವನ್ನು ನೋಂದಾಯಿತ ಅಂಚೆಯಲ್ಲಿ ಕಳುಹಿಸುತ್ತಿದ್ದೇನೆ.

ನಾನು ಪ್ರತಿನಿಧಿಗೆ ತಿಳಿಸಿದ ಸಂಗತಿಗಳನ್ನು ಇಲ್ಲಿ ಮತ್ತೊಮ್ಮೆ ದಾಖಲಿಸುತ್ತೇನೆ. ನನ್ನ ಬಳಿ ಇರುವುದು ಪರವಾನಗಿ ಪಡೆದ .22 ರೈಫಲ್. ಭಾನುವಾರ ಬೆಳಿಗ್ಗೆ ನಮ್ಮ ಕ್ಲಬ್ಬಿನ ರೇಂಜಿನಲ್ಲಿ ಮಲಗಿ ಗುರಿ ಹೊಡೆಯುವುದು ನನ್ನ ಅಭ್ಯಾಸ. ಹೆಚ್ಚಿನ ಈಡುಗಳು 50 ಮೀಟರಿಗೆ, ತಿಂಗಳಿಗೊಮ್ಮೆ 100 ಮೀಟರಿಗೆ. ಸ್ಕೋಪನ್ನು ಹೊಸದಾಗಿ ಕೂರಿಸಿದಾಗ ಮತ್ತು ಮಳೆಗಾಲದಲ್ಲಿ ಸೂರಿನಡಿ ಅಭ್ಯಾಸ ಮಾಡುವಾಗ 25 ಮೀಟರಿಗೆ. ನಮ್ಮ ರೇಂಜಿನ ಎರಡೂ ಬದಿಗೆ ಸಿಲ್ವರ್ ಓಕ್ ಸಾಲು ಇರುವುದರಿಂದ ಡಿಸೆಂಬರ್ ಮತ್ತು ಜನವರಿಯಲ್ಲಿ ಎಂಟು ಗಂಟೆಯವರೆಗೂ ಮಂಜು ಮುಸುಕಿದ ಮಂದ ಬೆಳಕೇ ಇರುತ್ತದೆ. ನನಗೆ ಐವತ್ತೆಂಟು ವರ್ಷ, ಕನ್ನಡಕವಿದೆ. ಇಷ್ಟನ್ನೂ ಹೇಳಿ, 3-9×40 ಅಥವಾ 4-12×40 ಸಾಕಾಗಬಹುದೇ ಎಂದು ನಾನೇ ಕೇಳಿದ್ದೆ. ಅದಕ್ಕೆ ತಮ್ಮ ಪ್ರತಿನಿಧಿ, ‘ಸಾರ್, ನೈನ್ ಪವರ್ ಎಲ್ಲ ಈಗ ಯಾರೂ ತಗೊಳ್ಳಲ್ಲ. ಟ್ವೆಂಟಿಫೋರ್ ತಗೊಂಡ್ರೆ ಬೇಕಾದಾಗ ಕಮ್ಮಿ ಮಾಡ್ಕೋಬಹುದು, ಕಮ್ಮಿ ಇರೋದನ್ನ ಜಾಸ್ತಿ ಮಾಡಕ್ಕಾಗಲ್ಲ’ ಎಂದರು. ಆ ಮಾತು ಕಿವಿಗೆ ಸರಿಯಾಗಿಯೇ ಕೇಳಿಸಿತು. ಅದನ್ನು ನಂಬಿದ್ದು ನನ್ನ ತಪ್ಪೆಂದು ತಾವು ಹೇಳಬಹುದು. ಆದರೆ ಸಲಹೆ ನೀಡುವವರೆಂದು ಜಾಲತಾಣದಲ್ಲಿ ದೂರವಾಣಿ ಸಂಖ್ಯೆ ಪ್ರಕಟಿಸಿರುವವರು ತಾವು.

ಪವರ್ ಹೆಚ್ಚಾದಂತೆ ಬೆಳಕು ಕಡಿಮೆಯಾಗುತ್ತದೆ ಎಂಬುದು ಸ್ಕೋಪ್ ಮಾರುವವರಿಗೆ ತಿಳಿಯದ ಸಂಗತಿಯಲ್ಲ. ಮುಂದಿನ ಗಾಜಿನ ಅಗಲವನ್ನು ಪವರಿನಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. 50 ಮಿಲಿಮೀಟರನ್ನು 24ರಿಂದ ಭಾಗಿಸಿದರೆ ಉಳಿಯುವುದು 2 ಮಿಲಿಮೀಟರಿಗಿಂತ ತುಸು ಹೆಚ್ಚು. ನಾನು ಕೇಳಿದ್ದ 40 ಮಿಲಿಮೀಟರಿನ ಸ್ಕೋಪಿನಲ್ಲಿ 9 ಪವರಿಗೇ 4.4 ಮಿಲಿಮೀಟರ್ ಸಿಗುತ್ತಿತ್ತು. ನಡುಹಗಲ ಬಿಸಿಲಿನಲ್ಲಿ ಕಣ್ಣಿನ ಪಾಪೆಯೇ ಎರಡು ಮೂರು ಮಿಲಿಮೀಟರಿಗೆ ಕಿರಿದಾಗುವುದರಿಂದ ಈ ವ್ಯತ್ಯಾಸ ಗೊತ್ತಾಗದೆ ಇರಬಹುದು. ಮಂಜಿನ ಬೆಳಗಿನಲ್ಲಿ ಪಾಪೆ ಹಿಗ್ಗಿರುವಾಗ, 24 ಪವರಿನಲ್ಲಿ ನನಗೆ ಕಂಡದ್ದು ಬೂದಿ ಬಣ್ಣದ ವೃತ್ತದೊಳಗೆ ಇನ್ನೊಂದು ಬೂದಿ ಬಣ್ಣದ ವೃತ್ತ. ತಲೆಯನ್ನು ಕೂದಲೆಳೆಯಷ್ಟು ಆಚೀಚೆ ಮಾಡಿದರೂ ಚಿತ್ರದ ಒಂದು ಅಂಚು ಕಪ್ಪಾಗಿ ಕವಿದುಕೊಳ್ಳುತ್ತಿತ್ತು. ಜರ್ಮನಿಯಲ್ಲಿ ಕಾನೂನುಬದ್ಧವಾಗಿ ಮುಸ್ಸಂಜೆಯ ಬೇಟೆಯಾಡುವವರು ಬಹುಕಾಲ 8×56 ಸ್ಕೋಪನ್ನೇ ನೆಚ್ಚಿಕೊಂಡಿದ್ದರೆ, ಅದಕ್ಕೆ ಕಾರಣ ಈ ಭಾಗಾಕಾರವೇ: ಅದರಲ್ಲಿ ಸರಿಯಾಗಿ 7 ಮಿಲಿಮೀಟರ್ ಬೆಳಕು ಕಣ್ಣಿಗೆ ಬರುತ್ತದೆ.

ಮಂಜು ಕರಗಿ ಬಿಸಿಲೇರಿದ ಮೇಲಾದರೂ ದೊಡ್ಡ ಪವರ್ ಉಪಯೋಗಕ್ಕೆ ಬಂದೀತೆಂದು ಕಾದೆ. ಹತ್ತು ಗಂಟೆ ದಾಟಿದರೆ ನಮ್ಮ ರೇಂಜಿನ ನೆಲದಿಂದ ಕಾವು ಏಳುತ್ತದೆ. ಕಾಫಿ ಒಣಗಿಸುವ ಸಿಮೆಂಟು ಕಣದ ಮೇಲೆ ಮಧ್ಯಾಹ್ನ ಗಾಳಿ ಕುದಿಯುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಸ್ಕೋಪು ಗುರಿಯನ್ನು ದೊಡ್ಡದು ಮಾಡುವಷ್ಟೇ ನಿಷ್ಠೆಯಿಂದ ನಡುವಿನ ಆ ಬಿಸಿಲ್ಗುದುರೆಯನ್ನೂ ದೊಡ್ಡದು ಮಾಡುತ್ತದೆ. 24ರಲ್ಲಿ 100 ಮೀಟರಿನ ಗುರಿಹಲಗೆಯ ಕಪ್ಪು ಬಿಲ್ಲೆ ಹರಿಯುವ ನೀರಿನೊಳಗಿನ ಕಲ್ಲಿನಂತೆ ತೇಲಾಡಿತು, 10ಕ್ಕೆ ಇಳಿಸಿದಾಗ ನಿಂತಿತು. ನಾಡಿಯ ಮಿಡಿತದ ವಿಷಯವೂ ಹಾಗೆಯೇ. ಪವರು ಕೈನಡುಕವನ್ನು ಹೆಚ್ಚಿಸುವುದಿಲ್ಲ, ತೋರಿಸುತ್ತದೆ. ಆದರೆ ಪ್ರತಿ ಮಿಡಿತಕ್ಕೂ ಸ್ಕೋಪಿನೊಳಗೆ ಗುರಿ ಹಿಡಿಯುವ ಅಡ್ಡಗೆರೆ ಜಿಗಿಯುವುದನ್ನು ಕಂಡ ಮನುಷ್ಯ ಅದು ಬಿಲ್ಲೆಯ ನಡುವೆ ಹಾಯುವ ಕ್ಷಣಕ್ಕೆ ಕೋವಿಯ ಕುದುರೆಯನ್ನು (ಟ್ರಿಗರನ್ನು) ಕಿತ್ತೆಳೆಯುತ್ತಾನೆ, ಅಲ್ಲಿಗೆ ಈಡು ಕೆಟ್ಟಿತು.

ಹಾಗಾದರೆ ಕಡಿಮೆ ಮಾಡಿಕೊಳ್ಳಬಹುದಲ್ಲ ಎಂಬುದು ತಮ್ಮ ಪ್ರತಿನಿಧಿಯ ವಾದ. ಕಡಿಮೆ ಮಾಡಿಕೊಂಡೇ ಹೊಡೆಯುತ್ತಿದ್ದೇನೆ. 12ರ ಮೇಲಕ್ಕೆ ಹೋಗುವುದೇ ಅಪರೂಪ. ಅಂದ ಮೇಲೆ ಉಳಿದ ಹನ್ನೆರಡು ಪವರಿಗೆ ನಾನು ಹಣವನ್ನೂ ತೂಕವನ್ನೂ ಏಕೆ ತೆತ್ತೆ? ಅದಕ್ಕಿಂತ ಮುಖ್ಯವಾಗಿ, ಈ ಸ್ಕೋಪಿನಲ್ಲಿ ಪವರನ್ನು ಇಳಿಸಿದರೆ ಅಡ್ಡಗೆರೆಯ ಲೆಕ್ಕವೇ ತಪ್ಪುತ್ತದೆ ಎಂಬುದನ್ನು ತಾವು ಎಲ್ಲಿಯೂ ತಿಳಿಸಿಲ್ಲ. ಇದರ ಅಡ್ಡಗೆರೆ ಎರಡನೆಯ ಫೋಕಲ್ ಪ್ಲೇನಿನಲ್ಲಿ, ಅಂದರೆ ಪವರ್ ಬದಲಿಸುವ ಗಾಜುಗಳಿಂದ ಕಣ್ಣಿನ ಕಡೆಗೆ, ಇದೆ. ಗುರಿ ಹಿಗ್ಗಿದರೂ ಕುಗ್ಗಿದರೂ ಗೆರೆಯ ಗುರುತುಗಳು ಕಣ್ಣಿಗೆ ಅಷ್ಟೇ ಇರುತ್ತವೆ, ಹೀಗಾಗಿ ಅವುಗಳ ಅಳತೆ ಒಂದೇ ಒಂದು ಪವರಿನಲ್ಲಿ, ಇಲ್ಲಿ 24ರಲ್ಲಿ, ಸರಿಹೊಂದುತ್ತದೆ. ಮೊದಲನೆಯ ಫೋಕಲ್ ಪ್ಲೇನಿನ ಸ್ಕೋಪಾಗಿದ್ದರೆ ಗೆರೆಯೂ ಗುರಿಯೊಂದಿಗೇ ಹಿಗ್ಗಿ ಕುಗ್ಗಿ, ಯಾವ ಪವರಿನಲ್ಲೂ ಲೆಕ್ಕ ಒಂದೇ ಆಗಿರುತ್ತಿತ್ತು. 50 ಮೀಟರಿಗೆ ಸರಿಪಡಿಸಿದ ನನ್ನ .22 ಗುಂಡು 100 ಮೀಟರಿನಲ್ಲಿ ಸುಮಾರು 20 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಗೆರೆಯ ಒಂದೊಂದು ಗುರುತು 100 ಮೀಟರಿಗೆ 10 ಸೆಂಟಿಮೀಟರೆಂದು ಜೊತೆಗೆ ಬಂದ ಕರಪತ್ರ ಹೇಳಿದ್ದರಿಂದ, ಎರಡನೆಯ ಗುರುತನ್ನು ಬಿಲ್ಲೆಯ ಮೇಲಿಟ್ಟು ಹೊಡೆದೆ. ಸ್ಕೋಪು 12 ಪವರಿನಲ್ಲಿತ್ತು. ಗುಂಡುಗಳೆಲ್ಲ ಬಿಲ್ಲೆಗಿಂತ ಒಂದು ಗೇಣು ಮೇಲೆ ಹೋದವು, ಏಕೆಂದರೆ 12ರಲ್ಲಿ ಆ ಎರಡು ಗುರುತುಗಳ ಬೆಲೆ 20ರ ಬದಲು 40 ಸೆಂಟಿಮೀಟರ್. ಇದನ್ನು ನಾನೇ ಕಂಡುಕೊಳ್ಳುವಷ್ಟರಲ್ಲಿ ಐವತ್ತು ತೋಟಾಗಳ ಒಂದು ಪೆಟ್ಟಿಗೆ ಖಾಲಿಯಾಗಿತ್ತು. ಪರವಾನಗಿಯಲ್ಲಿ ವರ್ಷಕ್ಕೆ ಇಷ್ಟೇ ಎಂದು ತೋಟಾ ಬರೆದುಕೊಟ್ಟಿರುವ ನಮ್ಮಂಥವರಿಗೆ ಅದು ಸಣ್ಣ ನಷ್ಟವಲ್ಲ.

ಇನ್ನು, ತಾವು ಯಾವ ರೀತಿಯಲ್ಲೂ ಅಲ್ಲಗಳೆಯಲಾಗದ ಸಂಗತಿಗೆ ಬರುತ್ತೇನೆ. ತಮ್ಮ ಜಾಲತಾಣದ ವಿವರದಲ್ಲಿ ಪ್ಯಾರಲಾಕ್ಸ್ ಹೊಂದಾಣಿಕೆ, ಅಂದರೆ ದೂರಕ್ಕೆ ತಕ್ಕಂತೆ ಗುರಿಯ ಚಿತ್ರವನ್ನೂ ಅಡ್ಡಗೆರೆಯನ್ನೂ ಒಂದೇ ಮಟ್ಟಕ್ಕೆ ತರುವ ವ್ಯವಸ್ಥೆ, 10 ಗಜದಿಂದ ಆರಂಭವೆಂದು ಬರೆದಿದೆ. ಅದರ ಪ್ರತಿಯನ್ನು ಖರೀದಿಯ ದಿನವೇ ಮುದ್ರಿಸಿಟ್ಟುಕೊಂಡಿದ್ದೇನೆ. ಬಂದಿರುವ ಸ್ಕೋಪಿನಲ್ಲಿ ಅದಕ್ಕಾಗಿ ತಿರುಗಿಸುವ ಬಳೆಯ ಮೇಲೆ ಮೊದಲ ಅಂಕಿಯೇ 50 ಗಜ. ಆ ಬಳೆ 46 ಮೀಟರಿಗಿಂತ ಹತ್ತಿರಕ್ಕೆ ತಿರುಗುವುದೇ ಇಲ್ಲ. 25 ಮೀಟರಿನಲ್ಲಿ ಕಾಗದ ಮಸುಕಾಗಿ ಕಾಣುವುದು ಒಂದು ತೊಂದರೆಯಾದರೆ, ಕಣ್ಣು ಸ್ವಲ್ಪ ಸರಿದರೂ ಅಡ್ಡಗೆರೆ ಗುರಿಯ ಮೇಲೆ ತೇಲಿದಂತೆ ಸರಿಯುವುದು ಇನ್ನೂ ದೊಡ್ಡ ತೊಂದರೆ. ಕೋವಿ ಅಲುಗದಿದ್ದರೂ ಗುರಿ ಎಲ್ಲಿದೆಯೆಂದು ಹೇಳಲಾಗುವುದಿಲ್ಲ. ಮಳೆಗಾಲದ ನಾಲ್ಕು ತಿಂಗಳು ಈ ಸ್ಕೋಪು ನನಗೆ ಕಪಾಟಿನ ಅಲಂಕಾರ ಮಾತ್ರ. ಸ್ಕೋಪನ್ನು ಕೋವಿಗೆ ಕೂರಿಸಲು ಜೊತೆಗೆ ಕೊಟ್ಟ ರಿಂಗುಗಳೂ 20 ಮಿಲಿಮೀಟರ್ ರೈಲಿಗೆ (ಪಟ್ಟಿಗೆ) ಹೊಂದುವಂಥವು. ನನ್ನ ಕೋವಿಯ ಬೆನ್ನಿಗಿರುವುದು 11 ಮಿಲಿಮೀಟರಿನ ತೋಡು ಎಂದು ಮೊದಲ ಕರೆಯಲ್ಲೇ ತಿಳಿಸಿದ್ದರೂ ಬೇರೆ ರಿಂಗುಗಳಿಗೆ 1,800 ರೂಪಾಯಿ ತೆರಬೇಕಾಯಿತು. ಮುಂಗಾಜು ದೊಡ್ಡದಾದ್ದರಿಂದ ಅವೂ ಎತ್ತರದವೇ ಆಗಬೇಕಾಗಿ, ಈಗ ಕೆನ್ನೆ ಹಿಡಿಗೆ ತಾಗುವುದಿಲ್ಲ, ಗದ್ದ ಊರಿ ಹೊಡೆಯುತ್ತಿದ್ದೇನೆ.

ಒಂದು ಭಾನುವಾರ ಪಕ್ಕದವರ ಹಲಗೆಗೆ ಐದು ಈಡು ಹೊಡೆದೆನೆಂಬುದನ್ನೂ ಸಂಕೋಚದಿಂದಲೇ ಹೇಳುತ್ತೇನೆ. 24 ಪವರಿನಲ್ಲಿ 50 ಮೀಟರಿಗೆ ಕಾಣುವ ಅಗಲ ಮುಕ್ಕಾಲು ಮೀಟರೂ ಇಲ್ಲ; ಒಂದೇ ಹಲಗೆ ಕಾಣುತ್ತದೆ, ಅದರ ಮೇಲಿನ ಸಂಖ್ಯೆ ಕಾಣುವುದಿಲ್ಲ. ಆ ದಿನ ಪಕ್ಕದವರ ಅಂಕ ನನ್ನಿಂದ ಹೆಚ್ಚಾಯಿತೆಂದು ಕ್ಲಬ್ಬಿನಲ್ಲಿ ಇಂದಿಗೂ ಚಹಾದ ಹೊತ್ತಿಗೆ ನೆನೆಸಿಕೊಳ್ಳುತ್ತಾರೆ.

ದೂರಕ್ಕೆ ತಕ್ಕಂತೆ ಪವರ್ ಬೇಕೇ ಬೇಕು ಎನ್ನುವುದಾದರೆ ಈ ಲೆಕ್ಕವನ್ನೂ ತಮ್ಮ ಪ್ರತಿನಿಧಿಗಳಿಗೆ ತಿಳಿಸಿ. ನಮ್ಮ ಸೇನೆಯೂ ಬಳಸಿದ ಡ್ರಾಗುನೋವ್ ಸ್ನೈಪರ್ (ದೂರದ ಗುರಿಯ) ರೈಫಲ್ಲಿನ ಸ್ಕೋಪು 4 ಪವರಿನದು. ಅಮೆರಿಕದ ಸೇನೆ 1988ರಲ್ಲಿ ಸೇರಿಸಿಕೊಂಡ ಎಂ24 ಸ್ನೈಪರ್ ರೈಫಲ್ಲಿಗೆ ಕೊಟ್ಟದ್ದು ಸ್ಥಿರವಾದ 10 ಪವರ್. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರಿನಲ್ಲೇ ಕಂಚು ಗೆದ್ದರು. ಆ ಸ್ಪರ್ಧೆಯಲ್ಲಿ ಸ್ಕೋಪಿಗೆ ಅವಕಾಶವೇ ಇಲ್ಲ, ಹತ್ತರ ವೃತ್ತದ ಅಗಲ 10.4 ಮಿಲಿಮೀಟರ್. ಮೇಜಿನ ಮೇಲೆ ಕೋವಿಯನ್ನು ಆನಿಸಿಟ್ಟು ಒಂದೇ ತೂತಿಗೆ ಐದು ಗುಂಡು ಹಾಯಿಸಲು ಹೊರಟವರು 36 ಪವರ್, 45 ಪವರ್ ಬಳಸುತ್ತಾರೆಂಬುದು ನನಗೂ ಗೊತ್ತಿದೆ, ಅವರ ಕೆಲಸಕ್ಕೆ ಅದು ಸರಿ. ನಾನು ಮಲಗಿ ಹೊಡೆಯುವವನೆಂದು ಹೇಳಿದ್ದೆ.

ಇನ್ನೊಂದು ಆಕ್ಷೇಪಣೆ ನನ್ನ ಹಣಕ್ಕೆ ಸಂಬಂಧಿಸಿದ್ದಲ್ಲ. ತಮ್ಮ ಜಾಲತಾಣದಲ್ಲಿ ಇದೇ ಸ್ಕೋಪಿನ ಚಿತ್ರದೊಂದಿಗೆ ಅಡ್ಡಗೆರೆಯ ನಡುವೆ ಜಿಂಕೆಯೊಂದನ್ನು ತೋರಿಸಿ, 500 ಮೀಟರ್ ದೂರದ ಶಿಕಾರಿಗೆ ಸೂಕ್ತವೆಂದು ಬರೆಯಲಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಮಿನಂತೆ ಈ ದೇಶದಲ್ಲಿ ಜಿಂಕೆಯನ್ನು ಬೇಟೆಯಾಡುವುದು ಅಪರಾಧ. ನಮ್ಮದು ಭದ್ರಾ ಹುಲಿ ಅಭಯಾರಣ್ಯವಿರುವ ಜಿಲ್ಲೆ. ತೋಟಕ್ಕೆ ಆನೆ ನುಗ್ಗಿದರೂ ನಾವು ಅರಣ್ಯ ಇಲಾಖೆಗೆ ಫೋನು ಮಾಡಿ ಕಾಯುವವರು. ಬೇಟೆ ಕಾನೂನುಬದ್ಧವಾಗಿರುವ ದೇಶಗಳಲ್ಲಿಯೂ, ಓಡಿಸಿ ಹೊಡೆಯುವ ಹಂದಿಗೆ 1-4 ಅಥವಾ 1-6 ಪವರಿನ ಸ್ಕೋಪನ್ನು ಆರಿಸುತ್ತಾರೆಯೇ ಹೊರತು ಇಂಥದ್ದನ್ನಲ್ಲ. ಆ ಚಿತ್ರವನ್ನೂ ಆ ಸಾಲನ್ನೂ ದಯವಿಟ್ಟು ತೆಗೆದುಹಾಕಿ.

ನ್ಯಾಯವಾಗಿ ಹೇಳಬೇಕಾದದ್ದನ್ನೂ ಹೇಳುತ್ತೇನೆ. ಸ್ಕೋಪಿನ ಗಾಜು ಚೆನ್ನಾಗಿದೆ. ತಿರುಪಿನ ಪ್ರತಿ ಟಕ್ಕಿಗೂ ಗುಂಡು ಲೆಕ್ಕದಂತೆಯೇ ಸರಿಯುತ್ತದೆ. ಜನವರಿಯ ಚಳಿಯಲ್ಲಿ ಜೀಪಿನಿಂದ ಬೆಚ್ಚಗಿನ ಮನೆಯೊಳಗೆ ತಂದಾಗಲೂ ಒಳಗೆ ಹಬೆ ಕಟ್ಟಲಿಲ್ಲ. 300 ಮೀಟರಿನ ಬಯಲು ರೇಂಜಿನಲ್ಲಿ ಹೊಡೆಯುವ ಯಾರಿಗಾದರೂ ಇದು ಸಲ್ಲುವ ವಸ್ತು, ಅಂಥವರಿಗೆ ತಾವು ಇದನ್ನು ಮತ್ತೆ ಮಾರಬಹುದು. ಕೊಳವೆಯ ಮೇಲಿನ ಗುರುತುಗಳು ರಿಂಗು ಕೂತ ಗುರುತುಗಳು. ರಿಂಗು ಹಾಕದೆ ಸ್ಕೋಪನ್ನು ಪರೀಕ್ಷಿಸುವ ವಿಧಾನವನ್ನು ತಾವೇ ತಿಳಿಸಬೇಕು. ಡಿಸೆಂಬರ್ 27ರಂದು ಕೈಸೇರಿದ ವಸ್ತುವನ್ನು, ಭಾನುವಾರ ಮಾತ್ರ ತೆರೆಯುವ ರೇಂಜಿನಲ್ಲಿ, ಹತ್ತು ದಿನಗಳೊಳಗೆ ಮೂರು ದೂರಗಳಿಗೆ ಪರೀಕ್ಷಿಸಿ ಮುಗಿಸುವುದು ಸಾಧ್ಯವೇ ಎಂಬುದನ್ನೂ ಯೋಚಿಸಿ.

2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ ದೂರು ತಲುಪಿದ 48 ಗಂಟೆಗಳಲ್ಲಿ ಸ್ವೀಕೃತಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಸ್ವೀಕೃತಿ ಬರಲೇ ಇಲ್ಲ, ತಿಂಗಳೂ ಕಳೆದಿದೆ. ಆದ್ದರಿಂದ ಸ್ಕೋಪಿನ ಬೆಲೆ 28,500 ರೂಪಾಯಿ ಮತ್ತು ಬೇರೆ ರಿಂಗುಗಳಿಗೆ ತೆತ್ತ 1,800 ರೂಪಾಯಿ, ಒಟ್ಟು 30,300 ರೂಪಾಯಿಗಳನ್ನು ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ಮರಳಿಸಬೇಕೆಂದು ಕೋರುತ್ತೇನೆ. ಅದರ ಬದಲು, 25 ಮೀಟರಿಗೂ ಪ್ಯಾರಲಾಕ್ಸ್ ಹೊಂದಿಸಬಹುದಾದ 4-12×40 ಸ್ಕೋಪನ್ನು, 11 ಮಿಲಿಮೀಟರ್ ತೋಡಿಗೆ ಒಗ್ಗುವ ರಿಂಗುಗಳೊಂದಿಗೆ ಕೊಟ್ಟು ಬೆಲೆಯ ವ್ಯತ್ಯಾಸವನ್ನು ಹಿಂತಿರುಗಿಸುವುದಾದರೂ ನನಗೆ ಒಪ್ಪಿಗೆ. ಎರಡೂ ಆಗದಿದ್ದಲ್ಲಿ, ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿರುವುದರಿಂದ, ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಸ್ಕೋಪು, ಅದರ ಮುಚ್ಚಳಗಳು, ಒರೆಸುವ ಬಟ್ಟೆ, ಕರಪತ್ರ, ತಮ್ಮ 20 ಮಿಲಿಮೀಟರಿನ ರಿಂಗುಗಳು ಎಲ್ಲವೂ ಮೂಲ ಪೆಟ್ಟಿಗೆಯಲ್ಲೇ ಕಟ್ಟಿ ಸಿದ್ಧವಾಗಿವೆ. ಕೊರಿಯರಿನವರು ನಮ್ಮ ತೋಟದವರೆಗೆ ಬರುವುದಿಲ್ಲ. ಮೂಡಿಗೆರೆಯ ಅವರ ಕಚೇರಿಗೆ ನಾನೇ ತಲುಪಿಸುತ್ತೇನೆ, ಸಾಗಣೆಯ ಚೀಟಿಯನ್ನು ತಾವು ಕಳುಹಿಸಿದರೆ ಸಾಕು. ಖರೀದಿ ರಸೀದಿ, ಜಾಲತಾಣದ ವಿವರದ ಮುದ್ರಿತ ಪ್ರತಿ ಮತ್ತು 50 ಗಜದಿಂದ ಆರಂಭವಾಗುವ ಬಳೆಯ ಛಾಯಾಚಿತ್ರವನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)