ಮೂವತ್ತನೇ ದಿನ ಮಂಗಳವಾರವಾಗಿತ್ತು

ಮಾನ್ಯ ಸಂಪಾದಕರೇ,

ಕೊರೊನಾ ಮತ್ತೆ ಸುದ್ದಿಯಾದಾಗಲೆಲ್ಲ ಜಿಲ್ಲೆಯಲ್ಲಿ ಆಕ್ಸಿಜನ್ ಬೆಡ್ ಎಷ್ಟಿವೆ ಅನ್ನೋ ಲೆಕ್ಕ ಪತ್ರಿಕೆಯಲ್ಲಿ ಬರುತ್ತದೆ. ಬರಲಿ, ಬೇಕಾದದ್ದೇ. ಆ ಲೆಕ್ಕದಲ್ಲಿ ಬಿಟ್ಟುಹೋಗುವ ಒಂದು ವಿಷಯ ಇದೆ: ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಕಣ್ಣಿನ ಪರೀಕ್ಷೆ.

ನಾನು ಮುಳಬಾಗಿಲಿನವನು, ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್. ನನ್ನ ಎರಡನೇ ಮಗಳು 2021ರ ಮಾರ್ಚ್ 28ರಂದು ಏಳು ತಿಂಗಳಿಗೇ ಹುಟ್ಟಿದಳು. ತೂಕ ಒಂದೂಕಾಲು ಕೆ.ಜಿ. ಗಾಜಿನ ಪೆಟ್ಟಿಗೆಯಲ್ಲಿ, ಆಕ್ಸಿಜನ್ ಮೇಲೆ ಉಳಿದುಕೊಂಡಳು. ಆಗ ನಾವು ಮುಷ್ಕರದಲ್ಲಿದ್ದೆವು. ಏಪ್ರಿಲ್ 7ರಿಂದ 21ರವರೆಗೆ ಬಸ್ ಹತ್ತಲಿಲ್ಲ, ಸಂಬಳವೂ ಇರಲಿಲ್ಲ. 24ಕ್ಕೆ ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಚೀಟಿಯ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಏನೋ ಒಂದು ಸಾಲು ಗೀಚಿತ್ತು. ಕಣ್ಣಿನ ಪರೀಕ್ಷೆ ಅಂತ ಸಿಸ್ಟರ್ ಹೇಳಿದರು. ಕಣ್ಣಿಗೇನಾಗಿದೆ? ಕಪ್ಪು ದ್ರಾಕ್ಷಿ ಹಾಗೆ ಮಿರಮಿರ ಅಂತಿತ್ತು.

ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಕಣ್ಣಿಗೆ ಬರುವ ಈ ಕಾಯಿಲೆಗೆ ಆರ್‌ಒಪಿ ಅಂತಾರೆ. ಹೊರಗಿಂದ ನೋಡಿದರೆ ಏನೂ ಗೊತ್ತಾಗಲ್ಲ ಅನ್ನೋದೇ ಇದರ ಮೋಸ. ಕಣ್ಣಿನ ಒಳಪರದೆಯ ರಕ್ತನಾಳ ಪೂರ್ತಿ ಬೆಳೆಯೋದು ಒಂಬತ್ತನೇ ತಿಂಗಳ ಹೊತ್ತಿಗೆ. ಮುಂಚೆಯೇ ಹುಟ್ಟಿದರೆ ಅದು ಅರ್ಧಕ್ಕೇ ನಿಂತು, ಆಮೇಲೆ ಅಡ್ಡಾದಿಡ್ಡಿ ಬೆಳೆದು ಪರದೆಯನ್ನೇ ಎಳೆದು ಕಿತ್ತುಬಿಡಬಹುದು. ಜೀವ ಉಳಿಸಿದ ಆಕ್ಸಿಜನ್ನೇ ಜಾಸ್ತಿಯಾದರೆ ಇದಕ್ಕೆ ದಾರಿ ಮಾಡುತ್ತದೆ. ಊರಿಗೆ ಊರೇ ಆಕ್ಸಿಜನ್ ಇಲ್ಲ ಅಂತ ಅಳುತ್ತಿದ್ದ ತಿಂಗಳಲ್ಲಿ ಈ ಮಾತು ಕೇಳಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. 34 ವಾರಕ್ಕೆ ಮುಂಚೆ ಹುಟ್ಟಿದ ಇಲ್ಲವೇ ಎರಡು ಕೆ.ಜಿ.ಗಿಂತ ಕಡಿಮೆ ತೂಕದ ಮಕ್ಕಳಿಗೆಲ್ಲ 30 ದಿನದೊಳಗೆ ಪರೀಕ್ಷೆ ಆಗಬೇಕು. ನನ್ನ ಮಗಳಷ್ಟು ಚಿಕ್ಕವರಿಗೆ ಅದಕ್ಕೂ ಮುಂಚೆ ಆದರೆ ಒಳ್ಳೆಯದಂತೆ.

ನಮ್ಮ ಮೂವತ್ತನೇ ದಿನ ಏಪ್ರಿಲ್ 27, ಮಂಗಳವಾರ. ಕಣ್ಣಿನ ಡಾಕ್ಟರು ಬರುತ್ತಿದ್ದದ್ದೂ ಮಂಗಳವಾರವೇ. ಹೋದರೆ ಕೋಣೆಗೆ ಬೀಗ. 'ಅವರಿಗೆ ಕೋವಿಡ್ ಡ್ಯೂಟಿ ಹಾಕಿದ್ದಾರೆ, ಇದೆಲ್ಲ ಮುಗಿದ ಮೇಲೆ ಬನ್ನಿ' ಅಂದರು. ಅವತ್ತೇ ರಾತ್ರಿ 9ಕ್ಕೆ ರಾಜ್ಯವೇ ಬಂದ್ ಆಯಿತು. ಒಂದು ವಾರ ಸುಮ್ನೆ ಕೂತೆವು. ಅದು ನನ್ನ ತಪ್ಪು. ಆಮೇಲೆ ಆ ಸಿಸ್ಟರೇ ಫೋನ್ ಮಾಡಿ, 'ಕಾಯಬೇಡಿ, ಬೆಂಗಳೂರಿಗೆ ಹೋಗಿ' ಅಂದರು.

ಆಸ್ಪತ್ರೆಗೆ ಹೋಗುವವರನ್ನು ತಡೆಯಬಾರದು ಅಂತ ಆದೇಶದಲ್ಲಿತ್ತು, ಸರಿ. ಹೋಗೋದು ಯಾವುದರಲ್ಲಿ? ದಿನಾ ನೂರಾರು ಜನಕ್ಕೆ ಸೀಟು ತೋರಿಸುವವನು ಮೇ 6ರ ಬೆಳಗಿನ ಜಾವ ಟೊಮೆಟೊ ಗಾಡಿ ಹತ್ತಿದೆ. ಹೆಂಡತಿ, ಮಗು ಡ್ರೈವರ್ ಪಕ್ಕ, ನಾನು ಹಿಂದೆ ಬಾಕ್ಸುಗಳ ಮೇಲೆ. ಹೊಸಕೋಟೆ ಹತ್ತಿರ ತಡೆದ ಪೊಲೀಸರು ಟೊಮೆಟೊ ನೋಡಿ ಬಿಟ್ಟರು. ಬೆಂಗಳೂರಿನಲ್ಲಿ ಮೊದಲು ತಾಯಿಗೆ ಮೂಗಿನ ಪರೀಕ್ಷೆ, ರಿಪೋರ್ಟಿಗೆ ಒಂದು ದಿನ. ಮಾರನೇ ದಿನ ಕಣ್ಣು ನೋಡಿದವರು, ಎರಡು ಮೂರು ದಿನದೊಳಗೆ ಲೇಸರ್ ಆಗಲೇಬೇಕು ಅಂದರು. ಮಾಡಿದರು. ಈಗ ದಪ್ಪ ಮೈನಸ್ ಕನ್ನಡಕ ಹಾಕಿಕೊಂಡು ಅಂಗನವಾಡಿಗೆ ಹೋಗುತ್ತಾಳೆ, ಅಕ್ಕನ ಬಳಪ ಕದಿಯುತ್ತಾಳೆ. ಅಲ್ಲೇ ನಮ್ಮ ಪಕ್ಕ ಕೂತಿದ್ದ ಬಾಗೇಪಲ್ಲಿ ಕಡೆಯ ತಾಯಿ ಅವಳಿಜವಳಿ ಮಕ್ಕಳನ್ನು ತಂದಿದ್ದಳು. ಎರಡೂವರೆ ತಿಂಗಳಾಗಿತ್ತು. ಒಂದು ಮಗುವಿಗೆ ಇನ್ನು ಏನೂ ಮಾಡೋಕಾಗಲ್ಲ ಅಂದರು. ಆಕೆ ಅಳಲಿಲ್ಲ. ಬಸ್ ಯಾವಾಗ ಬಿಡ್ತಾರೆ ಅಂತ ನನ್ನನ್ನು ಕೇಳಿದಳು.

ಪರೀಕ್ಷೆಗೆ ದೊಡ್ಡ ಡಾಕ್ಟರೇ ಊರೂರಿಗೆ ಬರಬೇಕಾಗಿಲ್ಲ. ನಮ್ಮ ರಾಜ್ಯದಲ್ಲೇ 2008ರಿಂದ 'ಕಿಡ್‌ರಾಪ್' ಅಂತ ಒಂದು ಕೆಲಸ ನಡೆದಿದೆ. ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೆ ಹೋಗಿ ಮಗುವಿನ ಕಣ್ಣಿನೊಳಗಿನ ಚಿತ್ರ ತೆಗೆಯುತ್ತಾರೆ, ಬೆಂಗಳೂರಿನ ವೈದ್ಯರು ಅಲ್ಲಿಂದಲೇ ನೋಡುತ್ತಾರೆ. ಇದು ನನಗೆ ತಿಳಿದದ್ದು ತೀರಾ ಆಮೇಲೆ.

ನಾನು ಕೇಳೋದು ಇಷ್ಟೇ. ಅವಧಿಗೆ ಮುಂಚೆ ಹುಟ್ಟಿದ ಮಗುವನ್ನು ಮನೆಗೆ ಕಳಿಸುವಾಗ ತಾಯಿ ಕಾರ್ಡಿನ ಮೇಲೆ ಕಣ್ಣಿನ ಪರೀಕ್ಷೆಯ ತಾರೀಖನ್ನು ಕನ್ನಡದಲ್ಲಿ, ದೊಡ್ಡದಾಗಿ ಬರೆಯಿರಿ. ಮುಂದೆ ಯಾವ ರೋಗ ಬಂದು ಊರು ಮುಚ್ಚಿದರೂ, ಆ ಕಣ್ಣಿನ ಡಾಕ್ಟರನ್ನು ಬೇರೆ ಡ್ಯೂಟಿಗೆ ಹಾಕುವ ಮುಂಚೆ ಆ ವಾರದ ತಾರೀಖುಗಳನ್ನು ಒಮ್ಮೆ ನೋಡಿ. ಮಗುವನ್ನು ಕರೆದೊಯ್ಯಲು ಒಂದು ಗಾಡಿಯನ್ನೂ ಇಡಿ. ಟೊಮೆಟೊ ಗಾಡಿ ಎಲ್ಲರಿಗೂ ಸಿಗಲ್ಲ.

— ಒಬ್ಬ ಕಂಡಕ್ಟರ್, ಮುಳಬಾಗಿಲು