ಗೆಳೆಯನಿಗೊಂದು ಪತ್ರ: ಸೈನಿಕರ ಊರಿನ ಚಹಾ

ಪ್ರೀತಿಯ ಗೆಳೆಯಾ,

ಉತ್ತರ ಥೈಲ್ಯಾಂಡಿನ ಚಿಯಾಂಗ್ ರಾಯ್ ಪ್ರಾಂತ್ಯದಲ್ಲಿ, ಬರ್ಮಾ ಗಡಿಯ ಹತ್ತಿರ, ಬೆಟ್ಟದ ನೆತ್ತಿಯ ಮೇಲಿರುವ ಮೇ ಸಲೋಂಗ್ ಎಂಬ ಊರನ್ನು ನೋಡಿ ಬಂದೆ. ದೇಶ ಥೈಲ್ಯಾಂಡ್ ಆದರೂ ಬಾಗಿಲುಗಳ ಮೇಲೆ ಚೀನೀ ಅಕ್ಷರಗಳ ಕೆಂಪು ಕಾಗದಗಳಿವೆ. ಹಿರಿಯರು ನೈಋತ್ಯ ಚೀನಾದ ಯುನ್ನಾನ್ ಸೀಮೆಯ ಚೀನೀ ಮಾತನಾಡುತ್ತಾರೆ.

1949ರಲ್ಲಿ ಚೀನಾ ಕಮ್ಯುನಿಸ್ಟರ ವಶವಾದಾಗ, ಅಲ್ಲಿಯವರೆಗೆ ಆಳುತ್ತಿದ್ದ, ಸೋತ ಕುವೊಮಿಂಟಾಂಗ್ ಎಂಬ ರಾಷ್ಟ್ರೀಯವಾದಿ ಪಕ್ಷದ ಸೇನೆಯ ಮುಖ್ಯ ಭಾಗ ತೈವಾನಿಗೆ ಹೋಯಿತು. ಯುನ್ನಾನಿನಲ್ಲಿ ಉಳಿದಿದ್ದ ಕೆಲವು ತುಕಡಿಗಳು ಬರ್ಮಾದ ಕಾಡು ಸೇರಿದವು. ಅಲ್ಲಿಯೂ ನೆಲೆ ತಪ್ಪಿದ ಮೇಲೆ, 1960ರ ದಶಕದ ಆರಂಭದಲ್ಲಿ, ಜನರಲ್ ತುವಾನ್ ಶಿ-ವೆನ್ ತಮ್ಮವರನ್ನು ಕರೆತಂದು ಇಲ್ಲಿ ಬಿಡಾರ ಹೂಡಿದರು. ಆ ಸೇನೆಯನ್ನು ಸಾಕಿದ್ದು ಅಫೀಮಿನ ಹಣ. ಅದನ್ನು ಜನರಲ್ ಅವರೇ 1967ರಲ್ಲಿ ಬ್ರಿಟಿಷ್ ಪತ್ರಕರ್ತರ ಮುಂದೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದರು. ಮುಂದೆ ಥಾಯ್ ಸರ್ಕಾರದ ಪರವಾಗಿ ಅಲ್ಲಿನ ಕಮ್ಯುನಿಸ್ಟ್ ಬಂಡುಕೋರರೊಡನೆ ಕಾದಾಡಿ, ಜೀವ ತೆತ್ತು, ಇವರು ಪೌರತ್ವ ಪಡೆದರು. ಊರಿನ ಸ್ಮಾರಕದಲ್ಲಿ ಮಡಿದವರ ಹೆಸರಿನ ಫಲಕಗಳು ಸಾಲುಗಟ್ಟಿ ನಿಂತಿವೆ. ಅವುಗಳ ಮುಂದೆ ನನಗೆ ಬಹಳ ಹೊತ್ತು ಮಾತು ಹೊರಡಲಿಲ್ಲ.

ಅಫೀಮಿನ ಬದಲಿಗೆ ಬಂದ ಬೆಳೆಗಳಲ್ಲಿ ಇಲ್ಲಿ ಬೇರೂರಿದ್ದು ಚಹಾ. ಸಸಿಯೂ ಅದನ್ನು ಹದಗೊಳಿಸುವ ವಿದ್ಯೆಯೂ ತೈವಾನಿನಿಂದ ಬಂದವು. ಇದು ನಾವು ಹಾಲು ಬೆರೆಸಿ ಕುದಿಸುವ ಪುಡಿಯಲ್ಲ, ಊಲಾಂಗ್. ಕೊಯ್ದ ಚಿಗುರನ್ನು ಬಿಸಿಲಿನಲ್ಲಿ ಬಾಡಿಸಿ, ಅಂಚುಗಳು ನಲುಗುವಂತೆ ಮತ್ತೆ ಮತ್ತೆ ಕೊಡವುತ್ತಾರೆ. ನಲುಗಿದ ಎಲೆ ಗಾಳಿ ತಾಗಿ ಅರ್ಧ ಕಂದುವಷ್ಟರಲ್ಲಿ ಕಾವು ಕೊಟ್ಟು ಅದನ್ನು ಅಲ್ಲಿಗೇ ತಡೆದು, ಬಟ್ಟೆಯಲ್ಲಿ ಬಿಗಿದು ಉರುಳಿಸುತ್ತಾರೆ. ಒಣಗಿದ ಎಲೆ ಕಾಳುಮೆಣಸಿನಂತೆ ಉಂಡೆಗಟ್ಟಿರುತ್ತದೆ; ಬಿಸಿನೀರು ಬಿದ್ದಾಗ ಇಡೀ ಎಲೆಯಾಗಿ ಬಿಚ್ಚಿಕೊಳ್ಳುತ್ತದೆ. ತೋಟಗಳಲ್ಲಿ ಚಿಗುರು ಕೊಯ್ಯುವವರಲ್ಲಿ ಆಖಾ ಬುಡಕಟ್ಟಿನ ಹೆಂಗಸರು ಬಹಳ ಮಂದಿ. ಪ್ರವಾಸಿಗರಿಗೆ ಹೇಳುವ ಕಥೆಯಲ್ಲಿ ಸೈನಿಕರಿಗೆ ಸಿಗುವ ಜಾಗ ಇವರಿಗೆ ಸಿಗುವುದಿಲ್ಲ. ಅದು ನನಗೆ ಸರಿಕಾಣಲಿಲ್ಲ.

ಸರ್ಕಾರ ಈ ಊರಿಗೆ ಸಂತಿಖಿರಿ, ಅಂದರೆ ಶಾಂತಿಗಿರಿ, ಎಂದು ಹೊಸ ಹೆಸರಿಟ್ಟಿದ್ದರೂ ಹಳೆಯದೇ ಬಳಕೆಯಲ್ಲಿದೆ. 1980ರಲ್ಲಿ ತೀರಿಕೊಂಡ ಜನರಲ್ ಅವರ ಸಮಾಧಿ ಊರಿನ ಮೇಲಣ ದಿಬ್ಬದಲ್ಲಿದೆ. ನೀನು ಬರುವುದಾದರೆ ಚಳಿಗಾಲದಲ್ಲಿ ಬಾ. ಮೊದಲು ಸ್ಮಾರಕವನ್ನೂ ಸಮಾಧಿಯನ್ನೂ ನೋಡಿ, ಆಮೇಲೆ ಚಹಾದಂಗಡಿಗೆ ಹೋಗು. ಈ ಪತ್ರದೊಂದಿಗೆ ಒಂದು ಪೊಟ್ಟಣ ಕಳುಹಿಸಿದ್ದೇನೆ. ಹಾಲು, ಸಕ್ಕರೆ ಹಾಕಬೇಡ. ಮೊದಲ ನೀರನ್ನು ಚೆಲ್ಲಿ, ಅದೇ ಎಲೆಗೆ ನಾಲ್ಕೈದು ಬಾರಿ ಬಿಸಿನೀರು ಹಾಕಿ ಕುಡಿ, ರುಚಿ ಹೇಗಿತ್ತೆಂದು ಬರೆ.

ಇತಿ ನಿನ್ನ ಗೆಳೆಯ